ಗೆಟ್‌ಆಪ್ಟ್ ಮೇನ್‌ನೊಳಗೇ ಇರಲಿ: ಥ್ರೆಡ್, ಸಿಗ್ನಲ್ ಮತ್ತು ಆಪ್ಷನ್ ಪಾರ್ಸಿಂಗ್

ಸಿ ಭಾಷೆಯಲ್ಲಿ ಡೀಮನ್ (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂ) ಬರೆಯುವವರು ಬಹಳ ಮಂದಿ ಒಂದು ಕೆಲಸ ಮಾಡ್ತಾರೆ. ಗೆಟ್‌ಆಪ್ಟ್ ಎಂಬುದು ಕಮಾಂಡ್‌ಲೈನ್‌ನ ಆಪ್ಷನ್‌ಗಳನ್ನು ಒಂದೊಂದಾಗಿ ಓದಿಕೊಡುವ ಸಿ ಲೈಬ್ರರಿ ಫಂಕ್ಷನ್. ಮೇನ್‌ನಲ್ಲಿ ಆಪ್ಷನ್ ಓದಲಿಕ್ಕೆ ಬರೆದ ಗೆಟ್‌ಆಪ್ಟ್ ಲೂಪನ್ನೇ ಎತ್ತಿಕೊಂಡು, ಸಾಕೆಟ್ ಮೇಲೆ ಬರುವ ಕಮಾಂಡ್ ಓದಲಿಕ್ಕೂ ಹಚ್ಚುತ್ತಾರೆ. ಒಬ್ಬನೇ ಕ್ಲೈಂಟ್ ಇದ್ದಾಗ ಎಲ್ಲಾ ಸರಿ ನಡೀತದೆ. ಇಬ್ಬರು ಕೂಡಿ ಬಂದ ದಿನ ಒಬ್ಬನ ಆಪ್ಷನ್ ಇನ್ನೊಬ್ಬನಿಗೆ ಹೋಗ್ತದೆ, ಇಲ್ಲವೇ ಪ್ರೋಗ್ರಾಂ ಸೆಗ್ಮೆಂಟೇಶನ್ ಫಾಲ್ಟ್ ಹೊಡೆದು ಮಲಗ್ತದೆ. ಮತ್ತೆ ಓಡಿಸಿದರೆ ಸುಮ್ಮನೆ ನಡೀತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಫೈನಲ್ ಇಯರ್ ಪ್ರಾಜೆಕ್ಟಿಗೆ ಲಿನಕ್ಸ್ ಬೋರ್ಡ್ ಮೇಲೆ ಸೆನ್ಸರ್ ಸರ್ವರ್ ಬರೆಯುವ ಹುಡುಗರು ಇದನ್ನು ಮೊದಲೇ ತಿಳಿದುಕೊಂಡರೆ ವೈವಾ ದಿನ ಕಂಗಾಲಾಗುವುದು ತಪ್ಪುತ್ತದೆ.

ಮೊದಲು ಕಾಗದದ ಮೇಲೆ ಏನಿದೆ ನೋಡೋಣ. ಯುನಿಕ್ಸ್ ಬಗೆಯ ಸಿಸ್ಟಂಗಳ ಪಾಸಿಕ್ಸ್ ಸ್ಟ್ಯಾಂಡರ್ಡ್ ಗೆಟ್‌ಆಪ್ಟ್ ಬಗ್ಗೆ ನೇರವಾಗಿಯೇ ಹೇಳ್ತದೆ: ಇದು ಥ್ರೆಡ್‌ಸೇಫ್, ಅಂದರೆ ಹಲವು ಥ್ರೆಡ್ (ಒಂದೇ ಪ್ರೋಗ್ರಾಂನಲ್ಲಿ ಒಟ್ಟಿಗೆ ಓಡುವ ಕೆಲಸದ ಎಳೆ) ಕೂಡಿ ಕರೆದರೂ ಸುರಕ್ಷಿತ, ಆಗಿರಬೇಕೆಂದಿಲ್ಲ. ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿ ಗ್ಲಿಬ್‌ಸಿಯ ಮ್ಯಾನುಯಲ್‌ನಲ್ಲಿ ಪ್ರತಿ ಫಂಕ್ಷನ್‌ಗೆ ಮೂರು ಗುರುತು ಇರ್ತವೆ. ಎಂಟಿ ಅಂದರೆ ಹಲವು ಥ್ರೆಡ್ ಒಟ್ಟಿಗೆ ಕರೆದರೆ ಏನಾಗ್ತದೆ, ಎಎಸ್ ಅಂದರೆ ಸಿಗ್ನಲ್ ಹ್ಯಾಂಡ್ಲರ್‌ನಿಂದ (ಪ್ರೋಗ್ರಾಂ ನಡುವೆಯೇ ಸಿಗ್ನಲ್ ಬಂದಾಗ ಓಡುವ ಫಂಕ್ಷನ್) ಕರೆದರೆ ಏನಾಗ್ತದೆ, ಎಸಿ ಅಂದರೆ ನಡುವೆಯೇ ಥ್ರೆಡ್ ಕ್ಯಾನ್ಸಲ್ ಮಾಡಿದರೆ ಏನಾಗ್ತದೆ. ಗೆಟ್‌ಆಪ್ಟ್, ಗೆಟ್‌ಆಪ್ಟ್_ಲಾಂಗ್ ಎರಡಕ್ಕೂ ಮೂರರಲ್ಲೂ ಅನ್‌ಸೇಫ್ ಎಂದೇ ಇದೆ. ಎಂಟಿ ಸಾಲಿನಲ್ಲಿ ಕಾರಣ ರೇಸ್ (ಎರಡು ಥ್ರೆಡ್ ಒಂದೇ ಡೇಟಾ ಮೇಲೆ ಒಟ್ಟಿಗೆ ಕೈಹಾಕುವುದು) ಮತ್ತು ಎನ್ವಿರಾನ್‌ಮೆಂಟ್ ವೇರಿಯಬಲ್ ಓದುವುದು. ಎಎಸ್ ಸಾಲಿನಲ್ಲಿ ಹೀಪ್ (ಮ್ಯಾಲಾಕ್ ಕೊಡುವ ಮೆಮೊರಿ), ಭಾಷಾಂತರದ ಮೆಸೇಜ್ ಹುಡುಕುವ ಭಾಗ, ಲಾಕ್ ಮತ್ತು ಕರಪ್ಟ್, ಅಂದರೆ ಅರ್ಧ ಬದಲಾದ ಡೇಟಾ. ಬಹಳ ಮಂದಿ ಎಂಟಿ ನೋಡಿ ಬಿಟ್ಟುಬಿಡ್ತಾರೆ. ಎಎಸ್ ಸಾಲನ್ನು ಸಹ ಓದ್ರಿ, ಅದರದ್ದು ಬೇರೆಯದೇ ರೋಗ.

ರೇಸ್ ಎಲ್ಲಿಂದ ಬರ್ತದೆ? ಗೆಟ್‌ಆಪ್ಟ್ ಒಂದು ಸಲಕ್ಕೆ ಒಂದೇ ಆಪ್ಷನ್ ಕೊಡ್ತದೆ. ಹಾಗಾಗಿ ಎಲ್ಲಿಗೆ ಬಂದೆ ಎನ್ನುವುದನ್ನು ಅದು ನೆನಪಿಟ್ಟುಕೊಳ್ಳಬೇಕು, ಮತ್ತು ಆ ನೆನಪು ಇಡೀ ಪ್ರೋಸೆಸ್‌ಗೆ ಒಂದೇ. ನಮಗೆ ಕಾಣುವವು ನಾಲ್ಕು ಗ್ಲೋಬಲ್: ಆಪ್ಟ್‌ಇಂಡ್ (ಮುಂದೆ ಓದಬೇಕಾದ ಪದದ ಇಂಡೆಕ್ಸ್, ಎಣಿಕೆ 0ಯಿಂದ), ಆಪ್ಟ್‌ಆರ್ಗ್ (ಸಿಕ್ಕ ಆಪ್ಷನ್‌ನ ಆರ್ಗ್ಯುಮೆಂಟ್), ಆಪ್ಟ್‌ಎರ್ (ಎರರ್ ಮೆಸೇಜ್ ಬರಬೇಕೇ ಬೇಡವೇ), ಆಪ್ಟ್‌ಆಪ್ಟ್ (ತಪ್ಪಾದ ಆಪ್ಷನ್ ಅಕ್ಷರ). ಕಾಣದವೇ ಹೆಚ್ಚು ಕಾಟ ಕೊಡ್ತವೆ. ಗ್ಲಿಬ್‌ಸಿಯೊಳಗೆ ಒಂದು ಸ್ಟ್ಯಾಟಿಕ್ ಸ್ಟ್ರಕ್ಟ್ ಇದೆ. ಅದರಲ್ಲಿ ನೆಕ್ಸ್ಟ್‌ಚಾರ್ ಎನ್ನುವ ಪಾಯಿಂಟರ್ ಇದೆ; ಒಂದೇ ಮೈನಸ್ ಹಿಂದೆ ಹಲವು ಅಕ್ಷರ ಕೂಡಿಸಿ ಬರೆದಾಗ ಮುಂದಿನ ಅಕ್ಷರ ಯಾವುದೆಂದು ಅದು ತೋರಿಸ್ತದೆ. ಜೊತೆಗೆ ಫಸ್ಟ್_ನಾನ್‌ಆಪ್ಟ್, ಲಾಸ್ಟ್_ನಾನ್‌ಆಪ್ಟ್ ಎನ್ನುವ ಎರಡು ಇಂಡೆಕ್ಸ್ ಇವೆ. ಆಪ್ಷನ್ ಅಲ್ಲದ ಪದಗಳನ್ನು ಕೊನೆಗೆ ತಳ್ಳಲಿಕ್ಕೆ ಅವು ಬೇಕು. ಪ್ರತಿ ಕರೆಗೂ ಗ್ಲೋಬಲ್‌ಗಳು ಈ ಸ್ಟ್ರಕ್ಟ್‌ಗೆ ನಕಲಾಗಿ, ಕೆಲಸ ಮುಗಿದ ಮೇಲೆ ಮತ್ತೆ ಹೊರಗೆ ನಕಲಾಗ್ತವೆ. ಈ ನಕಲುಗಳ ನಡುವೆ ಲಾಕ್ ಎಂಬುದೇ ಇಲ್ಲ.

ಈಗ ಒಂದು ಉದಾಹರಣೆ. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಫರ್ನೇಸ್‌ಗಳ ಥರ್ಮೋಕಪಲ್ ಓದುವ ಸಣ್ಣ ಸರ್ವರ್ ಇದೆ ಎಂದಿಟ್ಟುಕೊಳ್ರಿ. ಒಂದೊಂದು ಕನೆಕ್ಷನ್‌ಗೆ ಒಂದೊಂದು ಥ್ರೆಡ್. ಶಿಫ್ಟ್ ಸೂಪರ್‌ವೈಸರ್ ಕಂಪ್ಯೂಟರ್‌ನಿಂದ ಬಂದ ಸಾಲು: ಓದು -ಸಿ 3 -ಎನ್ 20. ಮೂರನೇ ಚಾನಲ್, ಇಪ್ಪತ್ತು ರೀಡಿಂಗ್. ಅದೇ ಹೊತ್ತಿಗೆ ಲ್ಯಾಬ್‌ನಿಂದ ಬಂದದ್ದು: ಓದು -ವಿ. ಆಪ್ಷನ್ ಸ್ಟ್ರಿಂಗ್‌ನಲ್ಲಿ ಸಿ, ಎನ್ ಎರಡಕ್ಕೂ ಆರ್ಗ್ಯುಮೆಂಟ್ ಕಡ್ಡಾಯ, ವಿ ಬರೀ ಫ್ಲ್ಯಾಗ್. ಎರಡೂ ಥ್ರೆಡ್ ಲೂಪ್ ಶುರು ಮಾಡುವ ಮೊದಲು ಆಪ್ಟ್‌ಇಂಡ್‌ಗೆ 0 ಹಾಕ್ತವೆ.

ಮೊದಲ ಥ್ರೆಡ್ ಗೆಟ್‌ಆಪ್ಟ್ ಕರೀತದೆ, ಸಿ ಸಿಗ್ತದೆ, ಆಪ್ಟ್‌ಆರ್ಗ್ 3 ಎನ್ನುವ ಪದವನ್ನು ತೋರಿಸ್ತದೆ, ಆಪ್ಟ್‌ಇಂಡ್ 3 ಆಗ್ತದೆ. ಇಲ್ಲಿ ಎರಡನೇ ಥ್ರೆಡ್ ನುಗ್ಗಿ ಆಪ್ಟ್‌ಇಂಡ್ 0 ಮಾಡಿ ತನ್ನ ವಿ ಓದಿಕೊಳ್ತದೆ. ಆಪ್ಟ್‌ಇಂಡ್ 2 ಆಯ್ತು, ಆಪ್ಟ್‌ಆರ್ಗ್ ನಲ್ ಆಯ್ತು. ಗ್ಲಿಬ್‌ಸಿ ಪ್ರತಿ ಕರೆಯ ಆರಂಭದಲ್ಲೇ ಅದನ್ನು ನಲ್ ಮಾಡ್ತದೆ. ಮೊದಲ ಥ್ರೆಡ್ ಇನ್ನೂ ಆಪ್ಟ್‌ಆರ್ಗ್ ಓದಿರದಿದ್ದರೆ ಪದವನ್ನು ಸಂಖ್ಯೆ ಮಾಡುವ ಎಟಾಯ್‌ಗೆ ನಲ್ ಹೋಗಿ ಅಲ್ಲೇ ಕ್ರ್ಯಾಶ್. ಅದು ಒಳ್ಳೆಯದೇ ಅನ್ನಬೇಕು, ತಪ್ಪು ಕಣ್ಣಿಗೆ ಕಾಣ್ತದೆ.

ಅಷ್ಟರಲ್ಲಿ ಓದಿಬಿಟ್ಟಿದ್ದರೆ ಆಟ ಮುಂದುವರೀತದೆ. ಮೊದಲ ಥ್ರೆಡ್ ಮತ್ತೆ ಕರೆದಾಗ ಆಪ್ಟ್‌ಇಂಡ್ 2. ಅಲ್ಲಿರುವುದು 3 ಎನ್ನುವ ಪದ, ಮೈನಸ್‌ನಿಂದ ಶುರುವಾಗಿಲ್ಲ. ಗೆಟ್‌ಆಪ್ಟ್ ಅದನ್ನು ಆಪ್ಷನ್ ಅಲ್ಲದ ಪದ ಎಂದು ಬದಿಗಿಟ್ಟು ಮುಂದೆ ಹೋಗಿ ಎನ್ ಮತ್ತು 20 ಕೊಡ್ತದೆ. ಮುಂದಿನ ಕರೆಯಲ್ಲಿ ಬದಿಗಿಟ್ಟ 3 ಅನ್ನು ಅರೇಯ ಕೊನೆಗೆ ಸರಿಸ್ತದೆ. ಈಗ ಅರೇ ಹೀಗಿದೆ: ಓದು -ಸಿ -ಎನ್ 20 3. ಆಪ್ಟ್‌ಇಂಡ್ 4, ರಿಟರ್ನ್ ಮೈನಸ್ 1, ಲೂಪ್ ಮುಗೀತು. ಬೆಲೆಗಳೆಲ್ಲ ಸರಿಯಾಗಿಯೇ ಬಂದಂತೆ ಕಾಣ್ತದೆ. ಆದರೆ ಉಳಿದ ಪದ ಇದ್ದರೆ ಎರರ್ ಎಂದು ನೀವು ಬರೆದಿದ್ದರೆ, ಸರಿಯಾದ ಕಮಾಂಡ್‌ಗೇ ಎರರ್ ಹೋಗ್ತದೆ. ಅದೇ ಅರೇಯನ್ನು ಲಾಗ್‌ಗೋ ರೀಟ್ರೈಗೋ ಮತ್ತೊಮ್ಮೆ ಪಾರ್ಸ್ ಮಾಡಿದರೆ ಸಿ ಎನ್ನುವುದು -ಎನ್ ಅನ್ನೇ ತನ್ನ ಆರ್ಗ್ಯುಮೆಂಟ್ ಎಂದು ನುಂಗ್ತದೆ. ಆರ್ಗ್ಯುಮೆಂಟ್ ಕಡ್ಡಾಯ ಇದ್ದಾಗ ಮುಂದಿನ ಪದ ಏನೇ ಇರಲಿ, ಗೆಟ್‌ಆಪ್ಟ್ ಅದನ್ನು ನೋಡದೆ ತಗೊಳ್ತದೆ.

ಇನ್ನು ಎರಡನೇ ಥ್ರೆಡ್‌ನ ಪಾಡು. ಅದರ ಆರ್ಗ್‌ಸಿ, ಅಂದರೆ ಪದಗಳ ಎಣಿಕೆ, 2. ಅದು ಮತ್ತೆ ಕರೆದಾಗ ಆಪ್ಟ್‌ಇಂಡ್ 4 ಆಗಿದೆ. ಗ್ಲಿಬ್‌ಸಿ ಕೋಡ್‌ನಲ್ಲಿ ಈ ಹಂತದ ಪರೀಕ್ಷೆ ಆಪ್ಟ್‌ಇಂಡ್ ಆರ್ಗ್‌ಸಿಗೆ ಸಮ ಇದೆಯೇ ಎಂದಷ್ಟೇ, ಮೀರಿದೆಯೇ ಎಂದಲ್ಲ. ಸಮ ಇಲ್ಲ, ಸರಿ, ಹಾಗಾದರೆ ನಾಲ್ಕನೇ ಪದ ಎರಡು ಮೈನಸ್ಸೇ ನೋಡೋಣ ಎಂದು ಸ್ಟ್ರಿಂಗ್ ಹೋಲಿಕೆಗೆ ಹೋಗ್ತದೆ. ಆ ಅರೇಯಲ್ಲಿ ನಾಲ್ಕನೇ ಪದವೇ ಇಲ್ಲ. ಸ್ಟ್ಯಾಕ್ ಮೇಲೆ ಅಲ್ಲಿ ಏನು ಬಿದ್ದಿದೆಯೋ ಅದನ್ನೇ ಪಾಯಿಂಟರ್ ಎಂದು ನಂಬ್ತದೆ. ಕೋರ್ ಡಂಪ್ ತೆಗೆದರೆ ಬ್ಯಾಕ್‌ಟ್ರೇಸ್ ಗೆಟ್‌ಆಪ್ಟ್‌ನೊಳಗೆ ನಿಂತಿರ್ತದೆ, ಮತ್ತು ಜನ ಲೈಬ್ರರಿಯಲ್ಲೇ ಬಗ್ ಇದೆ ಎಂದು ಹೇಳಲಿಕ್ಕೆ ಶುರು ಮಾಡ್ತಾರೆ.

ಥ್ರೆಡ್ ಇಲ್ಲದೆಯೂ ಇದರ ತಮ್ಮನಂಥ ತಪ್ಪೊಂದಿದೆ. ಕಮಾಂಡ್ ಮುಗಿದ ಮೇಲೆ ಆಪ್ಟ್‌ಇಂಡ್‌ಗೆ 0 ಬದಲು 1 ಹಾಕುವುದು. ಕ್ಲೈಂಟ್ ವಿ, ಎಕ್ಸ್, ಎನ್ ಮೂರನ್ನೂ ಒಂದೇ ಮೈನಸ್ ಹಿಂದೆ ಕಳಿಸಿದ ಎನ್ನೋಣ. ಎಕ್ಸ್ ಗೊತ್ತಿಲ್ಲದ ಆಪ್ಷನ್, ನೀವು ಲೂಪ್‌ನಿಂದ ಹೊರಬಿದ್ದು ಬಫರ್ ಫ್ರೀ ಮಾಡಿದಿರಿ. ನೆಕ್ಸ್ಟ್‌ಚಾರ್ ಇನ್ನೂ ಆ ಸತ್ತ ಬಫರ್‌ನ ಎನ್ ಅಕ್ಷರದ ಮೇಲೆಯೇ ಕೂತಿದೆ. ಮುಂದಿನ ಕಮಾಂಡ್ ಬಂದಾಗ ಆಪ್ಟ್‌ಇಂಡ್ 1 ಇದ್ದರೂ ಗೆಟ್‌ಆಪ್ಟ್ ಹೊಸ ಅರೇ ಮುಟ್ಟುವ ಮೊದಲು ಹಳೆಯ ಎನ್ ಓದ್ತದೆ. ಗ್ಲಿಬ್‌ಸಿಯಲ್ಲಿ 0 ಹಾಕಿದರೆ ಮಾತ್ರ ಒಳಗಿನ ಇನಿಶಿಯಲೈಸ್ ಓಡಿ ನೆಕ್ಸ್ಟ್‌ಚಾರ್ ನಲ್ ಆಗ್ತದೆ, ಪಾಸಿಕ್ಸ್‌ಲಿ_ಕರೆಕ್ಟ್ ಎನ್ವಿರಾನ್‌ಮೆಂಟ್ ವೇರಿಯಬಲ್ ಮತ್ತೆ ನೋಡಲ್ಪಡ್ತದೆ, ಆಪ್ಷನ್ ಸ್ಟ್ರಿಂಗ್‌ನ ಮೊದಲ ಪ್ಲಸ್ ಅಥವಾ ಮೈನಸ್ ಗುರುತೂ ಮತ್ತೆ ಓದಲ್ಪಡ್ತದೆ. ಮಸಲ್ ಎಂಬ ಇನ್ನೊಂದು ಸಿ ಲೈಬ್ರರಿಯೂ 0 ಒಪ್ಪಿಕೊಳ್ತದೆ. ಬಿಎಸ್‌ಡಿ ಮನೆತನದಲ್ಲಿ ಆಪ್ಟ್‌ರೀಸೆಟ್ 1, ಆಪ್ಟ್‌ಇಂಡ್ 1 ಎರಡೂ ಬೇಕು. ಪಾಸಿಕ್ಸ್ ಪ್ರಕಾರ 0 ಹಾಕಿದರೆ ಏನಾಗಬೇಕೆಂದು ನಿಗದಿಯೇ ಇಲ್ಲ. ಅಂದರೆ ಎಲ್ಲಾ ಕಡೆ ನಡೆಯುವ ರೀಸೆಟ್ ಎಂಬುದೇ ಇಲ್ಲ, ಪ್ಲಾಟ್‌ಫಾರ್ಮ್ ನೋಡಿ ಇಫ್‌ಡೆಫ್ ಹಾಕಬೇಕು.

ಲಾಕ್ ಹಾಕಿದರೆ ಸಾಲದೇ? ಸಾಲ್ತದೆ, ಆದರೆ ಹಾಕುವ ಜಾಗ ಸರಿ ಇರಬೇಕು. ಗೆಟ್‌ಆಪ್ಟ್‌ನ ಒಂದೊಂದು ಕರೆಗೆ ಲಾಕ್ ಹಾಕಿ ಬಿಡುವುದರಿಂದ ಮೇಲೆ ಹೇಳಿದ ಒಂದು ತೊಂದರೆಯೂ ತಪ್ಪುವುದಿಲ್ಲ, ಯಾಕೆಂದರೆ ಗೊಂದಲ ಆಗುವುದು ಎರಡು ಕರೆಗಳ ನಡುವೆ. ಮ್ಯೂಟೆಕ್ಸ್ (ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡಿಯಬಲ್ಲ ಲಾಕ್) ಹಿಡಿ, ಆಪ್ಟ್‌ಇಂಡ್ 0 ಮಾಡು, ಆಪ್ಟ್‌ಎರ್ 0 ಮಾಡು, ಲೂಪ್ ಪೂರ್ತಿ ಓಡಿಸು, ಉಳಿದ ಪದಗಳಿಗಾಗಿ ಆಪ್ಟ್‌ಇಂಡ್ ಬೆಲೆಯನ್ನು ಲೋಕಲ್‌ಗೆ ತೆಗೆದುಕೋ, ಆಮೇಲೆ ಮ್ಯೂಟೆಕ್ಸ್ ಬಿಡು. ಆಪ್ಟ್‌ಆರ್ಗ್ ನಕಲಲ್ಲ, ನಿಮ್ಮ ಅರೇಯೊಳಗಿನ ಪದಕ್ಕೇ ಪಾಯಿಂಟರ್. ಸಾಕೆಟ್ ಬಫರ್ ಮುಂದಿನ ಸಾಲಿಗೆ ಮರುಬಳಕೆ ಆಗುವುದಾದರೆ ಸ್ಟ್ರ್‌ಡಪ್ ಮಾಡಿ ಇಟ್ಟುಕೊಳ್ರಿ. ಇಷ್ಟೆಲ್ಲ ಮಾಡಿದರೂ ನಿಮ್ಮ ಪ್ರೋಗ್ರಾಂಗೆ ಜೋಡಿಸಿದ ಯಾವುದೋ ಲೈಬ್ರರಿ ತನ್ನಷ್ಟಕ್ಕೆ ಗೆಟ್‌ಆಪ್ಟ್ ಕರೆದರೆ ಅದಕ್ಕೆ ನಿಮ್ಮ ಮ್ಯೂಟೆಕ್ಸ್ ಗೊತ್ತಿಲ್ಲ. ಎನ್‌ಎಂ ಕಮಾಂಡ್‌ಗೆ ಮೈನಸ್ ಡಿ ಕೊಟ್ಟು ಆ ಲೈಬ್ರರಿ ಫೈಲ್‌ನ ಡಿಫೈನ್ ಆಗದ ಸಿಂಬಲ್ ಪಟ್ಟಿಯಲ್ಲಿ ಗೆಟ್‌ಆಪ್ಟ್ ಇದೆಯೇ ಎಂದು ಗ್ರೆಪ್ ಮಾಡಿ ನೋಡ್ರಿ, ಅರ್ಧ ನಿಮಿಷದ ಕೆಲಸ.

ಸಿಗ್ನಲ್‌ಗೆ ಬಂದರೆ ಲಾಕ್ ಔಷಧಿಯಲ್ಲ, ವಿಷ. ಮಾಮೂಲಿ ತಪ್ಪು ಹೀಗೆ: ಸಿಗ್‌ಹಪ್ ಎಂಬ ಸಿಗ್ನಲ್ ಬಂದರೆ ಸೆಟ್ಟಿಂಗ್ ಮತ್ತೆ ಓದಬೇಕು ಎಂದು ಹ್ಯಾಂಡ್ಲರ್‌ನೊಳಗಿಂದಲೇ ಪಾರ್ಸ್ ಫಂಕ್ಷನ್ ಕರೆಯುವುದು. ಆ ಹೊತ್ತಿಗೆ ಅದೇ ಥ್ರೆಡ್ ಪಾರ್ಸ್ ಲೂಪ್ ಮಧ್ಯೆ ಮ್ಯೂಟೆಕ್ಸ್ ಹಿಡಿದಿದ್ದರೆ, ಹ್ಯಾಂಡ್ಲರ್ ತಾನೇ ಹಿಡಿದ ಬೀಗಕ್ಕೆ ತಾನೇ ಕಾಯ್ತದೆ. ಹ್ಯಾಂಡ್ಲರ್ ಮುಗಿಯದೆ ಲೂಪ್ ಮುಂದೆ ಹೋಗದು, ಲೂಪ್ ಮುಗಿಯದೆ ಬೀಗ ತೆರೆಯದು. ಪಿಥ್ರೆಡ್_ಮ್ಯೂಟೆಕ್ಸ್_ಲಾಕ್ ಕೂಡ ಹ್ಯಾಂಡ್ಲರ್‌ನಿಂದ ಕರೆಯಬಹುದಾದ ಫಂಕ್ಷನ್‌ಗಳ ಪಟ್ಟಿಯಲ್ಲಿಲ್ಲ.

ಲಾಕ್ ಇಲ್ಲದಿದ್ದರೂ ಗೆಟ್‌ಆಪ್ಟ್ ತನ್ನೊಳಗೆ ಅಪಾಯ ಇಟ್ಟುಕೊಂಡೇ ಇದೆ. ಗೊತ್ತಿಲ್ಲದ ಆಪ್ಷನ್ ಬಂದರೆ ಅದು ಎರರ್ ಮೆಸೇಜನ್ನು ಬಳಕೆದಾರರ ಭಾಷೆಗೆ ಹುಡುಕ್ತದೆ, ಆಮೇಲೆ ಎಸ್‌ಟಿಡಿಎರ್‌ಗೆ ಎಫ್‌ಪ್ರಿಂಟ್‌ಎಫ್ ಮಾಡ್ತದೆ. ಎಸ್‌ಟಿಡಿಎರ್‌ನ ಬೀಗ ರಿಕರ್ಸಿವ್ (ಹಿಡಿದ ಥ್ರೆಡ್ಡೇ ಅದನ್ನು ಮತ್ತೆ ಹಿಡಿಯಬಹುದು), ಹಾಗಾಗಿ ಅದೇ ಥ್ರೆಡ್‌ನ ಹ್ಯಾಂಡ್ಲರ್ ಅಲ್ಲಿ ಸಿಕ್ಕಿಬೀಳುವುದಿಲ್ಲ. ಬದಲಿಗೆ ಅರ್ಧ ಬದಲಾದ ಸ್ಟ್ರೀಮ್ ಒಳಗೆ ಕಾಲಿಡ್ತದೆ. ಮ್ಯಾಲಾಕ್‌ನ ಬೀಗ ರಿಕರ್ಸಿವ್ ಅಲ್ಲ. ಮ್ಯಾಲಾಕ್ ನಡೆಯುವಾಗ ಸಿಗ್ನಲ್ ಬಂದು, ಹ್ಯಾಂಡ್ಲರ್ ದಾರಿಯಲ್ಲಿ ಮತ್ತೆ ಮ್ಯಾಲಾಕ್ ಬೇಕಾದರೆ ಪ್ರೋಸೆಸ್ ಅಲ್ಲೇ ಹೆಪ್ಪುಗಟ್ಟಬಹುದು. ಆಪ್ಟ್‌ಎರ್ 0 ಮಾಡಿದರೆ ಮೆಸೇಜ್ ನಿಲ್ತದೆ, ಆದರೆ ಆಪ್ಟ್‌ಇಂಡ್, ನೆಕ್ಸ್ಟ್‌ಚಾರ್ ಕಲಸುವುದು ನಿಲ್ಲುವುದಿಲ್ಲ. ಹ್ಯಾಂಡ್ಲರ್ ಮುಗಿದು ಮೂಲ ಲೂಪ್ ಎದ್ದಾಗ ಅದು ಬೇರೆ ಜಾಗದಲ್ಲಿ ಎದ್ದಿರ್ತದೆ.

ಸರಿಯಾದ ದಾರಿ ಹಳೆಯದೇ. ಹ್ಯಾಂಡ್ಲರ್ ಒಳಗೆ ವೊಲಟೈಲ್ ಸಿಗ್_ಅಟಾಮಿಕ್_ಟಿ ಬಗೆಯ ಒಂದು ಫ್ಲ್ಯಾಗ್ ಏರಿಸ್ರಿ, ಅಷ್ಟೇ. ಮುಖ್ಯ ಲೂಪ್ ಪೋಲ್‌ನಲ್ಲಿ ಕಾಯುತ್ತಿದ್ದರೆ ಒಂದು ಪೈಪ್ ಮಾಡಿ ಹ್ಯಾಂಡ್ಲರ್‌ನಿಂದ ಒಂದು ಬೈಟ್ ರೈಟ್ ಮಾಡ್ರಿ. ಹ್ಯಾಂಡ್ಲರ್‌ನಿಂದ ಕರೆಯಬಹುದಾದ ಫಂಕ್ಷನ್‌ಗಳ ಪಟ್ಟಿಯಲ್ಲಿ ರೈಟ್ ಇದೆ. ಪೈಪ್‌ನ ಎರಡೂ ತುದಿ ನಾನ್‌ಬ್ಲಾಕಿಂಗ್ ಇರಲಿ, ಇಲ್ಲದಿದ್ದರೆ ಪೈಪ್ ತುಂಬಿದ ದಿನ ಹ್ಯಾಂಡ್ಲರೇ ನಿಂತುಬಿಡ್ತದೆ. ಎರ್‌ನೋ ಬೆಲೆಯನ್ನು ಹ್ಯಾಂಡ್ಲರ್ ಶುರುವಿಗೆ ತೆಗೆದಿಟ್ಟು ಕೊನೆಗೆ ವಾಪಸ್ ಹಾಕ್ರಿ. ಹಲವು ಥ್ರೆಡ್ ಇರುವ ಪ್ರೋಗ್ರಾಂನಲ್ಲಿ ಇನ್ನೂ ಚೊಕ್ಕ ದಾರಿ ಸಿಗ್‌ವೇಟ್. ಥ್ರೆಡ್ ಹುಟ್ಟಿಸುವ ಮೊದಲೇ ಮೇನ್‌ನಲ್ಲಿ ಪಿಥ್ರೆಡ್_ಸಿಗ್‌ಮಾಸ್ಕ್ ಕರೆದು ಸಿಗ್‌ಹಪ್ ಬ್ಲಾಕ್ ಮಾಡ್ರಿ. ಹುಟ್ಟುವ ಥ್ರೆಡ್‌ಗಳಿಗೆಲ್ಲ ಅದೇ ಮಾಸ್ಕ್ ಬರ್ತದೆ. ಒಂದೇ ಥ್ರೆಡ್ ಸಿಗ್‌ವೇಟ್‌ನಲ್ಲಿ ಕಾದು, ಬಂದಾಗ ಸಾಮಾನ್ಯ ಕೋಡ್‌ನಂತೆ ಕೆಲಸ ಮಾಡ್ತದೆ. ಹ್ಯಾಂಡ್ಲರ್ ಎಂಬುದೇ ಇಲ್ಲ, ಎಎಸ್ ಸಾಲಿನ ಚಿಂತೆಯೂ ಇಲ್ಲ. ಎಂಟಿ ಸಾಲಿನದ್ದು ಮಾತ್ರ ಉಳೀತದೆ.

ಫೋರ್ಕ್ ಮಾಡುವವರಿಗೂ ಇದೇ ನಿಯಮ. ಹಲವು ಥ್ರೆಡ್ ಇರುವ ಪ್ರೋಸೆಸ್ ಫೋರ್ಕ್ ಆದ ಮೇಲೆ ಮಗು ಪ್ರೋಸೆಸ್‌ನಲ್ಲಿ ಎಕ್ಸೆಕ್ ಆಗುವ ತನಕ ಸಿಗ್ನಲ್‌ಸೇಫ್ ಫಂಕ್ಷನ್ ಮಾತ್ರ ಕರೆಯಬೇಕು. ಅಲ್ಲಿ ಗೆಟ್‌ಆಪ್ಟ್ ಬೇಡ.

ಹಾಗಾದರೆ ಗೆಟ್‌ಆಪ್ಟ್‌ನ ಜಾಗ ಯಾವುದು? ಮೇನ್, ಮೊದಲ ಪಿಥ್ರೆಡ್_ಕ್ರಿಯೇಟ್‌ಗಿಂತ ಮುಂಚೆ. ಎಲ್ಲಾ ಆಪ್ಷನ್ ಓದಿ ಒಂದು ಸ್ಟ್ರಕ್ಟ್‌ನಲ್ಲಿ ತುಂಬಿ, ಆಮೇಲೆ ಅದನ್ನು ಕಾನ್ಸ್ಟ್ ಪಾಯಿಂಟರ್ ಮೂಲಕ ಮಾತ್ರ ಹಂಚ್ರಿ. ಪಿಥ್ರೆಡ್_ಕ್ರಿಯೇಟ್ ತಾನೇ ಮೆಮೊರಿ ಸಿಂಕ್ ಮಾಡುವುದರಿಂದ, ಅದಕ್ಕೆ ಮುಂಚೆ ಬರೆದದ್ದೆಲ್ಲ ಹೊಸ ಥ್ರೆಡ್‌ಗೆ ಲಾಕ್ ಇಲ್ಲದೆಯೇ ಸರಿಯಾಗಿ ಕಾಣ್ತದೆ. ಮೇನ್‌ನ ಆರ್ಗ್‌ವಿ ಪದಗಳು ಪ್ರೋಸೆಸ್ ಮುಗಿಯುವ ತನಕ ಇರ್ತವೆ, ಅಲ್ಲಿ ಸ್ಟ್ರ್‌ಡಪ್ ಬೇಕಿಲ್ಲ.

ಸಾಕೆಟ್ ಕಮಾಂಡ್‌ಗೆ ಬೇರೆ ಪಾರ್ಸರ್ ಬೇಕು. ಗ್ಲಿಬ್‌ಸಿಯದ್ದೇ ಇನ್ನೊಂದು ಆಪ್ಷನ್ ಪಾರ್ಸರ್ ಆರ್ಗ್‌ಪಿ ಬಳಸಬಹುದೇ ಎಂದು ಕೇಳುವವರಿದ್ದಾರೆ. ಅದರ ಒಳಗೆ ಗೆಟ್‌ಆಪ್ಟ್‌ನ ಮರುಪ್ರವೇಶ ರೂಪವೇ ಓಡ್ತದೆ, ಸ್ಥಿತಿ ಪಾರ್ಸರ್ ಸ್ಟ್ರಕ್ಟ್‌ನಲ್ಲಿ ಇರ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದು. ಆದರೂ ಮ್ಯಾನುಯಲ್ ಆರ್ಗ್‌ಪಿ_ಪಾರ್ಸ್‌ಗೂ ಎಂಟಿ ಅನ್‌ಸೇಫ್ ಎಂದೇ ಬರೆದಿದೆ. ಹೆಲ್ಪ್ ಬರೆಯುವ ಭಾಗ ಎನ್ವಿರಾನ್‌ಮೆಂಟ್ ಓದಿ ಸ್ಟ್ಯಾಟಿಕ್ ಸ್ಟ್ರಕ್ಟ್ ತುಂಬ್ತದೆ. ಅದಕ್ಕಿಂತ ಕೆಟ್ಟದ್ದು, ತಪ್ಪು ಆಪ್ಷನ್ ಬಂದರೆ, ನೀವು ಬೇರೆ ಹೇಳದಿದ್ದರೆ, ಅದು ಎಕ್ಸಿಟ್ ಮಾಡ್ತದೆ. ಒಬ್ಬ ಕ್ಲೈಂಟ್ ತಪ್ಪು ಟೈಪ್ ಮಾಡಿದರೆ ಇಡೀ ಸರ್ವರ್ ಹೋಯ್ತು. ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬಂದಿಲ್ಲ: ಹೆಲ್ಪ್ ಪಟ್ಟಿಯಲ್ಲಿ ಕಾಣದ ಹ್ಯಾಂಗ್ ಎನ್ನುವ ದೊಡ್ಡಕ್ಷರದ ಆಪ್ಷನ್ ಅದರಲ್ಲಿದೆ. ಡೀಬಗರ್ ಹಚ್ಚಲಿಕ್ಕೆ ಸಮಯ ಸಿಗಲಿ ಎಂದು ಇಟ್ಟದ್ದು, ಬೆಲೆ ಕೊಡದಿದ್ದರೆ 3600 ಸೆಕೆಂಡ್ ಮಲಗ್ತದೆ. ನೆಟ್‌ವರ್ಕ್‌ನಿಂದ ಬರುವ ಸಾಲಿಗೆ ಆರ್ಗ್‌ಪಿ ಹಚ್ಚಿದರೆ ಯಾರು ಬೇಕಾದರೂ ನಿಮ್ಮ ಥ್ರೆಡ್‌ಗೆ ಒಂದು ತಾಸಿನ ನಿದ್ದೆ ಕೊಡಬಹುದು. ಆರ್ಗ್‌ಪಿ_ಸೈಲೆಂಟ್ ಫ್ಲ್ಯಾಗ್ ಕೊಟ್ಟರೆ ಎಕ್ಸಿಟ್, ಎರರ್ ಮೆಸೇಜ್, ಹೆಲ್ಪ್ ಮೂರೂ ಬಂದ್ ಆಗ್ತವೆ, ಹ್ಯಾಂಗ್ ಸಹ ಹೋಗ್ತದೆ.

ನನ್ನ ಕೇಳಿದರೆ, ಎಂಟು ಹತ್ತು ಸಣ್ಣ ಆಪ್ಷನ್ ಇರುವ ಕಮಾಂಡ್‌ಗೆ ಕೈಯಾರೆ ಬರೆದ ಪಾರ್ಸರ್ರೇ ಲೇಸು. ಒಂದು ಸ್ಟ್ರಕ್ಟ್: ಆರ್ಗ್‌ಸಿ, ಆರ್ಗ್‌ವಿ, ಈಗಿನ ಇಂಡೆಕ್ಸ್, ಪದದೊಳಗಿನ ಅಕ್ಷರದ ಪಾಯಿಂಟರ್, ಸಿಕ್ಕ ಆರ್ಗ್ಯುಮೆಂಟ್, ತಪ್ಪಾದ ಅಕ್ಷರ. ಆ ಸ್ಟ್ರಕ್ಟ್ ಥ್ರೆಡ್‌ನ ಸ್ಟ್ಯಾಕ್ ಮೇಲೆ. ಫಂಕ್ಷನ್ ಏನನ್ನೂ ಪ್ರಿಂಟ್ ಮಾಡಬಾರದು, ಮ್ಯಾಲಾಕ್ ಕರೆಯಬಾರದು, ಅರೇಯ ಕ್ರಮ ಬದಲಿಸಬಾರದು. ಬರೀ ಒಂದು ಮೈನಸ್ ಇದ್ದರೆ ಅದು ಆಪ್ಷನ್ ಅಲ್ಲ, ಸಾಮಾನ್ಯ ಪದ. ಎರಡು ಮೈನಸ್ ಬಂದರೆ ಇಂಡೆಕ್ಸ್ ಒಂದು ಮುಂದೆ ಸರಿಸಿ ನಿಲ್ಲು. ಆರ್ಗ್ಯುಮೆಂಟ್ ಅಂಟಿಕೊಂಡು ಬಂದರೂ ಬೇರೆ ಪದವಾಗಿ ಬಂದರೂ ಒಪ್ಪಿಕೋ. ಆರ್ಗ್ಯುಮೆಂಟೇ ಇಲ್ಲದಿದ್ದರೆ ಕೋಲನ್, ಗೊತ್ತಿಲ್ಲದ ಅಕ್ಷರಕ್ಕೆ ಪ್ರಶ್ನಾರ್ಥಕ ಚಿಹ್ನೆ ರಿಟರ್ನ್. ಇಂಡೆಕ್ಸ್ ಪರೀಕ್ಷೆ ಸಮ ಇದೆಯೇ ಎಂದಲ್ಲ, ಸಮ ಅಥವಾ ಹೆಚ್ಚು ಎಂದು ಇರಲಿ. ಐವತ್ತು ಸಾಲಿನೊಳಗೆ ಮುಗೀತದೆ. ಉದ್ದ ಹೆಸರಿನ ಆಪ್ಷನ್ ಬೇಕೇ ಬೇಕೆಂದರೆ ಗ್ನೂಲಿಬ್ ಎಂಬ ಕೋಡ್ ಸಂಗ್ರಹದಲ್ಲಿ ಸ್ಥಿತಿಯನ್ನು ಪ್ಯಾರಾಮೀಟರ್ ಆಗಿ ತೆಗೆದುಕೊಳ್ಳುವ ಗೆಟ್‌ಆಪ್ಟ್ ರೂಪ ಇದೆ, ಪಾಪ್ಟ್ ಲೈಬ್ರರಿಯೂ ಕಾಂಟೆಕ್ಸ್ಟ್ ಆಧಾರದ್ದೇ.

ಪಾರ್ಸರ್ ಸುತ್ತಲಿನ ಕೋಡ್ ಮರೆಯಬ್ಯಾಡ್ರಿ. ಸಾಲನ್ನು ಪದ ಮಾಡಲಿಕ್ಕೆ ಸ್ಟ್ರ್‌ಟಾಕ್ ಬಳಸಿದರೆ ಅದೂ ಒಂದೇ ಸ್ಟ್ಯಾಟಿಕ್ ಪಾಯಿಂಟರ್ ಮೇಲೆ ನಿಂತಿದೆ, ಸ್ಟ್ರ್‌ಟಾಕ್_ಆರ್ ಬೇಕು. ಎಟಾಯ್ ಬದಲು ಸ್ಟ್ರ್‌ಟಾಲ್: ಎರ್‌ನೋ 0 ಮಾಡಿ ಕರೆ, ಎಂಡ್ ಪಾಯಿಂಟರ್ ಸರಿದಿದೆಯೇ ನೋಡು, ಕೊನೆಯಲ್ಲಿ ಕಸ ಉಳಿದಿದೆಯೇ ನೋಡು, ಆಮೇಲೆ ಚಾನಲ್ ಮಿತಿಯೊಳಗಿದೆಯೇ ನೋಡು.

ಈ ಕುಟುಂಬದಲ್ಲಿ ಒಳ್ಳೆಯ ಹುಡುಗ ಒಬ್ಬನಿದ್ದಾನೆ, ಗೆಟ್‌ಸಬ್‌ಆಪ್ಟ್. ಅಲ್ಪವಿರಾಮದಿಂದ ಬೇರ್ಪಟ್ಟ ಉಪ ಆಪ್ಷನ್ ಒಡೆಯುವ ಈ ಫಂಕ್ಷನ್‌ಗೆ ಮ್ಯಾನುಯಲ್ ಮೂರೂ ಸಾಲಿನಲ್ಲಿ ಸೇಫ್ ಎನ್ನುತ್ತದೆ, ಯಾಕೆಂದರೆ ಸ್ಥಿತಿಯೆಲ್ಲ ನೀವು ಕೊಟ್ಟ ಪಾಯಿಂಟರ್‌ನಲ್ಲೇ ಇದೆ. ಆದರೆ ಅದು ಸ್ಟ್ರಿಂಗ್‌ನ ಅಲ್ಪವಿರಾಮದ ಜಾಗದಲ್ಲಿ ಸೊನ್ನೆ ಬೈಟ್ ಬರೀತದೆ. ಒಂದೇ ಸ್ಟ್ರಿಂಗ್ ಎರಡು ಥ್ರೆಡ್‌ಗೆ ಕೊಟ್ಟರೆ ರೇಸ್, ಸ್ಟ್ರಿಂಗ್ ಲಿಟರಲ್ ಕೊಟ್ಟರೆ ಕ್ರ್ಯಾಶ್, ಎರಡನೇ ಸಲ ಓದಿದರೆ ಮೊದಲ ತುಂಡು ಮಾತ್ರ.

ತಪ್ಪು ಹುಡುಕುವಾಗ ರೇಸ್ ಹಿಡಿಯುವ ಸಾಧನ ಥ್ರೆಡ್‌ಸ್ಯಾನಿಟೈಸರ್ ಮೇಲೆ ಪೂರ್ತಿ ಭಾರ ಹಾಕಬ್ಯಾಡ್ರಿ. ನಿಮ್ಮ ಕೋಡ್ ಆಪ್ಟ್‌ಆರ್ಗ್ ಓದ್ತದೆ ಅಷ್ಟೇ. ಬರೆಯುವುದು ಲಿಬ್‌ಸಿಯೊಳಗೆ, ಆ ಲಿಬ್‌ಸಿ ಸ್ಯಾನಿಟೈಸರ್ ಹಾಕಿ ಕಂಪೈಲ್ ಆಗಿಲ್ಲ. ಎರಡು ಥ್ರೆಡ್ ಬರೀ ಓದುವುದು ರೇಸ್ ಅಲ್ಲ, ಹಾಗಾಗಿ ರಿಪೋರ್ಟ್ ಖಾಲಿ ಬರಬಹುದು. ಆಪ್ಟ್‌ಇಂಡ್‌ಗೆ ನೀವೇ 0 ಬರೆಯುವ ಸಾಲು ಇದ್ದರೆ ಮಾತ್ರ ಅದು ಹಿಡೀತದೆ. ಜಿಡಿಬಿ ಡೀಬಗರ್‌ನಲ್ಲಿ ಆಪ್ಟ್‌ಇಂಡ್ ಮೇಲೆ ವಾಚ್ ಹಾಕಿ ಓಡಿಸುವುದು ಇದಕ್ಕಿಂತ ಸುಲಭ: ಬೆಲೆ ಬದಲಾದಾಗಲೆಲ್ಲ ನಿಲ್ತದೆ, ಯಾವ ಥ್ರೆಡ್ ಎಂದು ತೋರಿಸ್ತದೆ. ಎರಡು ಬೇರೆ ಥ್ರೆಡ್ ನಂಬರ್ ಕಂಡರೆ ಇನ್ನು ಸಾಕ್ಷಿ ಬೇಕಿಲ್ಲ.

ಬೇರೆ ಭಾಷೆಯವರೂ ಪೂರ್ತಿ ಪಾರಾಗಿಲ್ಲ. ಗೋ ಭಾಷೆಯಲ್ಲಿ ಫ್ಲ್ಯಾಗ್ ಪ್ಯಾಕೇಜ್‌ನ ಮೂಲ ಕಮಾಂಡ್‌ಲೈನ್ ಸೆಟ್ ಗ್ಲೋಬಲ್, ತಪ್ಪಿಗೆ ಎಕ್ಸಿಟ್ ಮಾಡ್ತದೆ. ಪ್ರತಿ ಕಮಾಂಡ್‌ಗೆ ಹೊಸ ಫ್ಲ್ಯಾಗ್‌ಸೆಟ್ ಮಾಡಿ ಕಂಟಿನ್ಯೂ‌ಆನ್‌ಎರರ್ ಕೊಡಬೇಕು. ಪೈಥಾನ್‌ನ ಆರ್ಗ್‌ಪಾರ್ಸ್ ತಪ್ಪಿಗೆ ಸಿಸ್ಟಂಎಕ್ಸಿಟ್ ಎಸೀತದೆ, ಅದು ಮೇನ್ ಅಲ್ಲದ ಥ್ರೆಡ್‌ನಲ್ಲಿ ಆದರೆ ಟ್ರೇಸ್‌ಬ್ಯಾಕ್ ಇಲ್ಲದೆ ಆ ಥ್ರೆಡ್ ಸುಮ್ಮನೆ ಸಾಯ್ತದೆ, ಕ್ಲೈಂಟ್ ಉತ್ತರಕ್ಕೆ ಕಾಯುತ್ತಲೇ ಇರ್ತಾನೆ. ಬ್ಯಾಷ್‌ನ ಗೆಟ್‌ಆಪ್ಟ್ಸ್‌ಗೂ ಆಪ್ಟ್‌ಇಂಡ್ ಒಂದೇ. ಫಂಕ್ಷನ್‌ನೊಳಗೆ ಗೆಟ್‌ಆಪ್ಟ್ಸ್ ಹಾಕಿ ಅದನ್ನು ಅಷ್ಟೇ ಆಪ್ಷನ್ ಕೊಟ್ಟು ಎರಡನೇ ಸಲ ಕರೆದರೆ ಆಪ್ಷನ್ ಒಂದೂ ಓದದೆ ಹೊರಬರ್ತದೆ, ಎರರ್ ಸಹ ಕೊಡುವುದಿಲ್ಲ. ಫಂಕ್ಷನ್‌ನ ಮೊದಲ ಸಾಲಿನಲ್ಲಿ ಆಪ್ಟ್‌ಇಂಡ್ ಅನ್ನು ಲೋಕಲ್ ಮಾಡಿ 1 ಕೊಟ್ಟರೆ ಸರಿಹೋಗ್ತದೆ.